ಬ್ಯಾಂಡೇಜು ಎತ್ತಿ ನೋಡಿದ ಕೈ

ಹೆದರುವುದನ್ನು ನಾನು ಒಂದು ಕಸುಬಿನ ಹಾಗೆ ನಡೆಸಿಕೊಂಡು ಬಂದವನು. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಿಂದ ಸರಸ್ವತಿಪುರಂನ ಮನೆಗೆ ವಾಪಸು ಬರುವವನು. ಹಾಗಾಗಿ, ಮೇಟಗಳ್ಳಿಯ ಕಾರ್ಖಾನೆಯಿಂದ ಬರುವಾಗ ಅಣ್ಣ ಸ್ಕೂಟರಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡು, ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದ ಮೇಲೆ, ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಇಷ್ಟು ಎಚ್ಚರದ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ ಎಂದು ಅತ್ತಿಗೆ ನಂಬಿದ್ದರು.

ಅದು ಜನರಲ್ ವಾರ್ಡು. ಪಕ್ಕದ ಹಾಸಿಗೆಯವರನ್ನು ವಿಚಾರಿಸದೆ ಕೂತರೆ ನಮ್ಮಲ್ಲಿ ಜಂಬ ಅನ್ನುತ್ತಾರೆ. ಪಕ್ಕದಲ್ಲಿ ವಯಸ್ಸಾದವರೊಬ್ಬರು ತಿಂಗಳಿಂದ ಮಲಗಿದ್ದರು. ತೊಡೆಯ ಗಾಯ ಒಣಗುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ಅವರ ದಿಂಬು ಸರಿಮಾಡುತ್ತಿದ್ದೆ, ಗಾಯದ ಬಟ್ಟೆ ಒದ್ದೆಯಾಗಿದೆಯಾ ಎಂದು ಮುಟ್ಟಿ ನೋಡಿ ನರ್ಸಮ್ಮನನ್ನು ಕರೆಯುತ್ತಿದ್ದೆ. ಆಮೇಲೆ ಅಣ್ಣನ ಬ್ಯಾಂಡೇಜಿನ ಅಂಚು ಎತ್ತಿ, ಕೆಂಪಾಗಿದೆಯಾ ಎಂದು ಇಣುಕುತ್ತಿದ್ದೆ. ದಿನಕ್ಕೆ ಮೂರು ಸಲ. ನೆಂಟರು ಬಂದರೆ ಅವರಿಗೂ ತೋರಿಸಲು ಇನ್ನೊಂದು ಸಲ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಮಂಚಕ್ಕೇ ನೇತುಹಾಕಿದ್ದರು. ಅದನ್ನು ನಾನು ಮನೆಗೆ ಹೊರಡುವಾಗ ಹಚ್ಚಿಕೊಳ್ಳುತ್ತಿದ್ದೆ, ಆಸ್ಪತ್ರೆಯ ರೋಗ ನನಗೆ ಅಂಟಬಾರದೆಂದು.

"ಬುಡೋ ಸಾಕು," ಅನ್ನುತ್ತಿದ್ದ ಅಣ್ಣ. "ಮೊಟ್ಟೆ ಮರಿ ಆಯ್ತಾ ಅಂತ ನೋಡ್ದಂಗೆ ನೋಡ್ತೀಯಲ್ಲ."

ಹತ್ತನೇ ದಿನ ಅಣ್ಣನ ಗಾಯದಲ್ಲಿ ಕೀವು ಬಂತು. ಲ್ಯಾಬಿನ ವರದಿಯಲ್ಲಿ ಆಂಟಿಬಯಾಟಿಕ್‌ಗಳ ಉದ್ದ ಪಟ್ಟಿ. ಒಂದನ್ನು ಬಿಟ್ಟು ಉಳಿದ ಯಾವುದೂ ಈ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲವಂತೆ. ಆ ಒಂದು, ಕಿಡ್ನಿ ಕೆಡಿಸುತ್ತದೆಂದು ಹಿಂದೆ ಪಕ್ಕಕ್ಕಿಟ್ಟಿದ್ದ ಹಳೆಯ ಔಷಧಿ. ಅದನ್ನೇ ಕೊಟ್ಟರು. ಪ್ಲೇಟ್ ತೆಗೆದು ಮೂಳೆ ಕೆರೆದು ತೊಳೆದರು. ವಾರದಲ್ಲಿ ಕಿಡ್ನಿ ಸೋಲತೊಡಗಿತು, ಕೀವು ಸೋಲಲಿಲ್ಲ.

ಮೊಬೈಲಿನಲ್ಲಿ ಓದಿ ಓದಿ, ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸುಗಳ ಚಿಕಿತ್ಸೆಯ ವಿಷಯ ಹಿಡಿದುಕೊಂಡು ಡಾಕ್ಟರ ಮುಂದೆ ನಿಂತೆ. ಅವರು ನಗಲಿಲ್ಲ.

"ಸುಳ್ಳಲ್ಲ ಸಾರ್ ಅದು. ಆದ್ರೆ ಇದೇ ಬ್ಯಾಕ್ಟೀರಿಯಾಕ್ಕೆ ಹೊಂದೋ ವೈರಸ್ ಹುಡುಕ್ಬೇಕು, ತರಿಸ್ಬೇಕು, ಪರ್ಮಿಷನ್ ಬೇಕು. ವಾರಗಟ್ಟಲೆ ಆಗುತ್ತೆ. ಇವರಿಗೆ ಈಗಾಗ್ಲೇ ರಕ್ತಕ್ಕೆ ಹರಡ್ತಿದೆ. ಕಾಲು ತೆಗೆದ್ರೆ ಜೀವ ಉಳಿಸ್ಬಹುದು." ಲ್ಯಾಬಿನ ವರದಿ ಮಡಿಸುತ್ತಾ ಹೇಳಿದರು, "ಪಕ್ಕದವರ ಗಾಯದಲ್ಲೂ ಇದೇ ಇತ್ತು."

"ಅಲ್ಲಿಂದ ಇಲ್ಲಿಗೆ ಹೇಗೆ ಬರುತ್ತೆ ಡಾಕ್ಟ್ರೇ?"

"ಕೈಯಿಂದ. ನಮ್ಮ ಸ್ಟಾಫಿನ ಕೈ ಇರ್ಬಹುದು, ನಿಮ್ಮದಿರ್ಬಹುದು. ಹೇಳಕ್ಕಾಗಲ್ಲ."

ಸಮಾಧಾನಕ್ಕೆಂದು ಅವರು ಆಡಿದ ಮಾತಲ್ಲ. ನಾನು ಮಾತ್ರ ಸಮಾಧಾನವೆಂದೇ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಅಣ್ಣನನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ಯುವ ಮುಂಚೆ, ಪಕ್ಕದವರನ್ನು ಮುಟ್ಟಿ ಕೈ ತೊಳೆಯದೆ ಅವನ ಬ್ಯಾಂಡೇಜು ಎತ್ತುತ್ತಿದ್ದುದನ್ನು, ಡಾಕ್ಟರು ಅಂದದ್ದನ್ನು, ಎಲ್ಲ ಹೇಳಿಬಿಟ್ಟೆ. ಅವನ ಒಳ್ಳೆಯದಕ್ಕೆಂದು ಅಲ್ಲ, ನನ್ನ ಎದೆ ಹಗುರಾಗಲೆಂದು.

"ಹೇಳಕ್ಕಾಗಲ್ಲ ಅಂದ್ರಾ?" ಅಂದ. "ನಾನ್ ಹೇಳ್ತೀನಿ. ನಿನ್ನಿಂದ್ಲೇ ಕಣೋ. ಗ್ಲೌಸ್ ಇಲ್ದೆ ಈ ಕಾಲು ಮುಟ್ಟಿದ್ದು ನೀನೊಬ್ನೇ."

"ಆಗ್ಲೇ ಬೈಬೋದಿತ್ತಲ್ಲಣ್ಣ."

"ಇಷ್ಟು ಹೆದರೋನು ಕೈ ತೊಳ್ದೇ ಇರ್ತಾನಾ ಅಂದ್ಕಂಡೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಹೊದಿಕೆಯ ಕೆಳಗಿದ್ದ ಎರಡೂ ಕಾಲುಗಳನ್ನು ಒಮ್ಮೆ ನೋಡಿಕೊಂಡ.

"ನಾಳೆಯಿಂದ ನೀನ್ ಬರ್ಬೇಡ. ನಿಮ್ಮತ್ತಿಗೆ ಇರ್ತಾಳೆ."

ಸ್ಟ್ರೆಚರ್ ಒಳಗೆ ಹೋಯಿತು. ಮಧ್ಯಾಹ್ನದವರೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಪಕ್ಕದಲ್ಲಿ ಅತ್ತಿಗೆ ಕೂತಿದ್ದರು. ಅಣ್ಣನ ಕಾಲಿನದೇ ಚಿಂತೆಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕೈಯ ವಿಷಯ ಅವನು ಅತ್ತಿಗೆಗೂ ಹೇಳಿದ್ದಾನೋ ಇಲ್ಲವೋ ಎಂದು, ನಾನು ಅವರ ಮುಖವನ್ನೇ ಕದ್ದು ಕದ್ದು ನೋಡುತ್ತಿದ್ದೆ.