ಮಜ್ಜಿಗೆಯ ಕರೆಂಟು

ವೈಂಡಿಂಗ್ ಕಾಕಾ ಅವರ ಬಲಗೈ ಕೊಣ್ಣೂರಿಗೆಲ್ಲ ಪರಿಚಿತ. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಹೆಬ್ಬೆರಳಿನ ತುದಿ ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತಿತ್ತು. ವಾರ್ನಿಷ್ ಕುಡಿದು ಕುಡಿದು ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಎಡಗೈ ಹೇಗಿತ್ತು ಎಂದು ಕೇಳಿದರೆ ಮಾತ್ರ ಅರ್ಧ ಊರು ಉತ್ತರ ಕೊಡಲಾರದು. ಕರೆಂಟಿನ ಕೆಲಸ ನಡೆದಿರುವಷ್ಟು ಹೊತ್ತು ಅದು ಪ್ಯಾಂಟಿನ ಕಿಸೆಯಲ್ಲಿ ಇರುತ್ತಿತ್ತು. ಅವರ ಅಂಗಡಿಯಲ್ಲಿ ಕರೆಂಟಿನ ಕೆಲಸ ನಡೆಯದ ಹೊತ್ತೇ ಕಡಿಮೆ.

"ಎರಡೂ ಕೈ ಕೊಟ್ಟ್ರ ಕರೆಂಟ ಎದೀಯಾಗಿಂದ ಹಾದು ಹೋಗತೈತ್ರಿ ಮಾಸ್ತರ. ಒಂದ ಕೈ ಕೊಟ್ಟ್ರ ಬೈದು ಬಿಟ್ಟುಬಿಡತೈತಿ," ಎನ್ನುತ್ತಿದ್ದರು. ಎಲ್ಲ ಸಲವೂ ಬೈದಷ್ಟಕ್ಕೇ ಬಿಡುತ್ತದೆಂಬ ಭರವಸೆ ಅವರಿಗೂ ಇರಲಿಲ್ಲ. ಅದಕ್ಕೇ ಕಾಲಿಗೆ ಯಾವಾಗಲೂ ರಬ್ಬರ್ ಚಪ್ಪಲಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ವಿದ್ಯುತ್ತಿಗೂ ನನಗೂ ಮಾತುಕತೆ ನಿಂತದ್ದು ನನ್ನ ಎಂಟನೆಯ ವಯಸ್ಸಿನಲ್ಲಿ. ಯಮಕನಮರಡಿಯ ಹತ್ತಿರ ನಮ್ಮ ಬಾವಿಯ ಮೇಲೆ ದೊಡ್ಡಪ್ಪ ಪಂಪಿನ ಸ್ಟಾರ್ಟರಿಗೆ ಅಂಟಿಕೊಂಡರು. ಬಿಡಿಸಲು ಓಡಿದ ಅಪ್ಪ ಅವರ ರಟ್ಟೆ ಹಿಡಿದರು. ಹಿಡಿದ ಕೈ ಬಿಡಲಿಲ್ಲ. ನಾನು ಬಾವಿಯ ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ನೋಡಿದೆ. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಅಂದಿನಿಂದ ಮನೆಯ ಸ್ವಿಚ್ಚುಗಳನ್ನು ನಾನು ಕಟ್ಟಿಗೆಯ ಅಡಿಪಟ್ಟಿಯಿಂದ ಒತ್ತುತ್ತ ಬಂದಿದ್ದೇನೆ. ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ: "ಫ್ಯಾನ್ ಹಚ್ಚಾಕ ಪಟ್ಟಿ ಹಿಡದ ಹೋಗತಾರ್ರಿ ನಮ್ಮನಿಯವರು. ಸ್ವಿಚ್ಚೇನ ಮನಿಪಾಠ ಬರಕೊಂಡ ಬಂದಿಲ್ಲೇನು?"

ಮಿಕ್ಸರ್ ಕೆಟ್ಟ ದಿನ ಅವಳೇ ನನ್ನನ್ನು ಕಾಕಾ ಅವರ ಅಂಗಡಿಗೆ ಅಟ್ಟಿದಳು. ಅದನ್ನು ಚೀಲದಲ್ಲಿಟ್ಟು, ಚೀಲವನ್ನು ಮೈಯಿಂದ ಒಂದು ಮೊಳ ದೂರ ಹಿಡಿದು ಹೋದೆ.

"ಒಳಗ ಹಾವೈತೇನ್ರಿ?" ಎಂದರು ಕಾಕಾ.

"ಮಿಕ್ಸರ್ ಐತ್ರಿ."

"ಕಡೀತೈತೇನು?"

ಚೀಲವನ್ನು ದೂರದಿಂದಲೇ ಮೇಜಿನ ಮೇಲಿಟ್ಟು ನಾನು ಹಿಂದೆ ಸರಿದೆ. ಅವರು ಅದನ್ನು ನೋಡಿದರು. ನಗಲಿಲ್ಲ. ಕೂಡ್ರಿಸಿ, ಚಹಾ ತರಿಸಿ, ಬಾವಿಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಐತವಾರ ಬರ್ರಿ. ಬರೂವಾಗ ಒಂದು ತಂಬಿಗಿ ಹುಳಿ ಮಜ್ಜಿಗಿ ತರ್ರಿ," ಎಂದರು. ಪಾಪ, ಹೊಟ್ಟೆಯ ತೊಂದರೆ ಇರಬೇಕು ಎಂದುಕೊಂಡೆ.

ಐತವಾರ ಅವರು ಮೂರು ಪ್ಲಾಸ್ಟಿಕ್ ಕಪ್ಪುಗಳಿಗೆ ನನ್ನ ಮಜ್ಜಿಗೆ ಸುರಿದು ಉಪ್ಪು ಹಾಕಿದರು. ಹಳೆಯ ಟಾರ್ಚಿನ ಸೆಲ್ಲು ಬಿಚ್ಚಿ ತೆಗೆದ ಸತುವಿನ ತಗಡು ಪ್ರತಿ ಕಪ್ಪಿಗೊಂದು ತುಣುಕು; ಅದರೆದುರು ಮೋಟಾರಿನ ತಾಮ್ರದ ತಂತಿಯ ಸುರುಳಿ. ಒಂದು ಕಪ್ಪಿನ ತಾಮ್ರಕ್ಕೆ ಮುಂದಿನ ಕಪ್ಪಿನ ಸತುವಿನ ಗಂಟು. ಕೊನೆಯ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟು, ಜೋಳದ ಕಾಳಿನಷ್ಟು ಎಲ್ಇಡಿ ದೀಪವನ್ನು ತೋರಿಸಿದರು.

"ಉದ್ದನ್ನ ಕಾಲು ತಾಮ್ರಕ್ಕ. ಹಚ್ಚರಿ."

ನಾನು ಮನೆದೇವರನ್ನು ನೆನೆದು ಹಚ್ಚಿದೆ. ಏನೂ ಆಗಲಿಲ್ಲ. ನನಗಾದ ಸಂತೋಷವನ್ನು ಮುಚ್ಚಿಡಲು ಕಷ್ಟವಾಯಿತು.

"ವಾರ್ನಿಷ್ ಯಾರು ಕೆರೀಬೇಕು? ಅಂಗಿ ಹಾಕ್ಕೊಂಡ ಜಳಕ ಮಾಡಿದಂಗಾತು," ಎಂದು ಬ್ಲೇಡು ಕೊಟ್ಟರು. ಮೋಟಾರಿನ ತಂತಿಯ ಮೇಲೆ ಕಣ್ಣಿಗೆ ಕಾಣದ ವಾರ್ನಿಷ್ ಇರುತ್ತದೆ. ಕೆರೆಯದೆ ಅದು ಕರೆಂಟು ಬಿಡದು. ಕೆರೆದು ಮತ್ತೆ ಹಚ್ಚಿದೆ. ನನ್ನ ಎರಡು ಬೆರಳುಗಳ ನಡುವೆ ಕುಂಕುಮದ ಬೊಟ್ಟಿನಂಥ ಒಂದು ಕೆಂಪು ಹತ್ತಿತು. ಬರಿಗೈಯಲ್ಲಿ ಬತ್ತಲೆ ತಂತಿ ಹಿಡಿದಿದ್ದೆ. ಬೆವರು ಗದ್ದದಿಂದ ಮಜ್ಜಿಗೆಗೆ ತೊಟ್ಟಿಕ್ಕುತ್ತಿತ್ತು. ಬದುಕಿದ್ದೆ.

ಕಾಕಾ ಆಗ ಎಡಗೈಯನ್ನು ಕಿಸೆಯಿಂದ ಹೊರಗೆ ತೆಗೆದು ಮೈಮುರಿದರು. "ಮಜ್ಜಿಗಿ ಮುಂದ ಎರಡೂ ಕೈ ಬಿಚ್ಚಬಹುದ್ರಿ." ಆ ಕೈ ಸಾಮಾನ್ಯವಾದ ಕೈಯೇ ಆಗಿತ್ತು.

ಹಾಗೆ ನನ್ನ ಐತವಾರಗಳು ಶುರುವಾದವು. ಹುಣಸೆನೀರು, ಉಪ್ಪುನೀರು, ನಿಂಬೆಹಣ್ಣು, ಒಂದೊಂದು ವಾರ ಒಂದೊಂದು. ಮೂಡಲಗಿಯಿಂದ ಮೋಟಾರು ಹೇರಿಕೊಂಡು ಬಂದ ರೈತನೊಬ್ಬ ಕಪ್ಪುಗಳ ಸಾಲು ನೋಡಿ ದಂಗಾದ. "ಏನ್ರಿ ಕಾಕಾ, ನನ್ನ ಬೆಳಿ ಒಣಗಾಕತ್ತೈತಿ, ನೀವು ಮಜ್ಜಿಗಿ ಮುಂದ ಕುಂತೀರಿ?"

"ಮಾಸ್ತರೂ ಒಳಗ ಸುಟ್ಟಾರೋ. ಅವರ ಪಾಳಿ ಮೊದಲ ಐತಿ."

ಇನ್ನು ಆ ಮಧ್ಯಾಹ್ನದ ಸಂಗತಿ.

ನಮ್ಮ ಕಡೆ ಕರೆಂಟು ಹೋದರೆ ಯಾರೂ ಸ್ವಿಚ್ ಆರಿಸುವುದಿಲ್ಲ. ಆರಿಸಿದರೆ ಅದು ಬಂದದ್ದು ತಿಳಿಯುವುದು ಹೇಗೆ? ಬಲ್ಬು ಹತ್ತಬೇಕು, ಫ್ಯಾನು ತಿರುಗಬೇಕು, ಬಾವಿಯ ಮೇಲೆ ಮೋಟಾರು ತಾನಾಗಿ ಗುಂಯ್ ಅನ್ನಬೇಕು. ಅದು ನಮ್ಮ ಪದ್ಧತಿ. ಕಾಕಾ ಅವರೂ ಈ ಸೀಮೆಯವರೇ. ಅಂದು ಕರೆಂಟು ಹೋಗಿತ್ತು. ಹುಕ್ಕೇರಿಯ ಕಡೆಯ ಒಂದು ಮೋಟಾರು ಹಸಿ ನೆಲದ ಮೇಲೆ ಕೂತಿತ್ತು. ಅದನ್ನು ಪರೀಕ್ಷಿಸಲು ಬೋರ್ಡಿನಿಂದ ಎಳೆದ ವಾಯರಿನ ಬತ್ತಲೆ ತುದಿಗಳು ಬದಿಗೆ ಬಿದ್ದಿದ್ದವು. ಹೇಗೂ ಕೆಲಸ ನಿಂತಿದೆ ಎಂದು ಕಾಕಾ ನನ್ನ ಕಪ್ಪುಗಳ ಮುಂದೆ ಕೂತರು, ಎರಡೂ ಕೈ ಬಿಚ್ಚಿ.

"ಕಾಕಾ, ಯಾವಾಗಲೂ ಕೆಂಪೇ ಆತಲ್ರಿ. ಬಿಳೇದು ಹತ್ತಾಂಗಿಲ್ಲೇನು?" ಎಂದು ಕೇಳಿದವನು ನಾನು.

"ಬಿಳೇದು ಶ್ರೀಮಂತರ ಮಗ ಇದ್ದಂಗ್ರಿ. ಅದಕ್ಕ ಇನ್ನೊಂದು ಕಪ್ ಬೇಕು."

ಕಪ್ಪಿತ್ತು, ಮಜ್ಜಿಗೆಯಿತ್ತು, ತಗಡಿತ್ತು. ಕೆರೆದಿಟ್ಟ ತಾಮ್ರ ಮುಗಿದಿತ್ತು. ಕಾಕಾ ಸುತ್ತ ನೋಡಿದರು. ಪರೀಕ್ಷೆಯ ವಾಯರಿನ ತುದಿ ಕಂಡಿತು. ಅದರಿಂದ ಒಂದು ಗೇಣು ಕತ್ತರಿಸಿಕೊಳ್ಳೋಣವೆಂದು ಎಡಗೈಯನ್ನು ಮೋಟಾರಿನ ಮೈಮೇಲೆ ಊರಿ ಬಗ್ಗಿದರು.

ಬೋರ್ಡಿನ ಸ್ವಿಚ್ಚು ಆನ್ ಇತ್ತು. ನಾನು ನೋಡಿದೆ. ಯಾವ ಕೋಣೆಗೆ ಹೋದರೂ ನಾನು ಮೊದಲು ನೋಡುವುದು ಅದನ್ನೇ. "ಕಾಕಾ, ಸ್ವಿಚ್" ಎಂಬ ಎರಡು ಮಾತು ಗಂಟಲಿಗೆ ಬಂದಿದ್ದವು. ನಲವತ್ತು ವರ್ಷ ಮೋಟಾರು ಕಟ್ಟಿದ ಮನುಷ್ಯನಿಗೆ ಪಟ್ಟಿಯಿಂದ ಫ್ಯಾನು ಹಚ್ಚುವವನು ಬುದ್ಧಿ ಹೇಳುವುದೇ ಎಂದು ನಾಚಿಕೆಯಾಯಿತು. ನುಂಗಿಕೊಂಡೆ.

ಅವರ ಬಲಗೈ ತಂತಿಯನ್ನು ಹಿಡಿಯಿತು. ತಲೆಯ ಮೇಲೆ ಬಲ್ಬು ಹತ್ತಿತು.

ಅವರು ಕೂಗಲಿಲ್ಲ. ಹಲ್ಲಿನ ಸಂದಿಯಿಂದ "ಹ್ಞ್" ಎಂಬ ಒಂದು ಸಪ್ಪಳ ಮಾತ್ರ ಬಂತು. ಮುಷ್ಟಿ ಬಿಗಿಯಿತು, ಕತ್ತಿನ ನರಗಳು ಹಗ್ಗದಂತೆ ಎದ್ದವು, ತೆರೆದ ಕಣ್ಣು ನನ್ನ ಮೇಲೇ ನಿಂತವು. ನಾನು ಮತ್ತೆ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಎಷ್ಟು ಹೊತ್ತು, ಗೊತ್ತಿಲ್ಲ. ಆಮೇಲೆ ಎದ್ದೆ. ಎದ್ದು ಓಡಿದೆ.

ಬಾಗಿಲಿನತ್ತ ಓಡಿದೆ. ಅವರತ್ತ ಅಲ್ಲ.

ಹೊಸ್ತಿಲು ದಾಟಬೇಕು ಎನ್ನುವಷ್ಟರಲ್ಲಿ ಭುಜಕ್ಕೆ ಕಬ್ಬಿಣದ ಡಬ್ಬಿಯೊಂದು ಬಡಿಯಿತು. ಮೇನ್ ಸ್ವಿಚ್ಚು. ಅದರ ಹಿಡಿಕೆಯನ್ನು ಬರಿಗೈಯಲ್ಲಿ ಕೆಳಗೆ ಎಳೆದೆ. ಬೆನ್ನ ಹಿಂದೆ ಕಾಕಾ ಬಿದ್ದ ಸಪ್ಪಳವಾಯಿತು.

ಗೋಕಾಕದ ದವಾಖಾನೆಯಲ್ಲಿ ಹತ್ತು ದಿನ ಇದ್ದರು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಊರವರು ನನಗೆ ನಮ್ಮ ಹೈಸ್ಕೂಲಿನಲ್ಲೇ ಶಾಲು ಹೊದಿಸಿದರು. ಸಮಯಪ್ರಜ್ಞೆ, ಎದೆಗಾರಿಕೆ ಮುಂತಾದ ಶಬ್ದಗಳನ್ನು ನನ್ನ ಮುಖಕ್ಕೇ ಹೇಳಿದರು. ನಾನು ಗಂಭೀರವಾಗಿ ತಲೆಬಾಗಿ "ಇದು ನನ್ನ ಕರ್ತವ್ಯವಾಗಿತ್ತು" ಎಂದೆ. ಮುಂದಿನ ಸಾಲಿನಲ್ಲಿ ಕಾಕಾ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಚಪ್ಪಾಳೆಗೆ ಬದಲಾಗಿ ಇನ್ನೊಂದರಿಂದ ತೊಡೆ ತಟ್ಟಿದರು.

ಮನೆಗೆ ನಡೆದು ಹೋಗುವಾಗ ತಡೆಯಲಾಗಲಿಲ್ಲ. "ಕಾಕಾ, ನಾ ಓಡಿ ಹೊಂಟಿದ್ನಿರಿ."

"ನೋಡೇನ್ರಿ," ಎಂದು ನಕ್ಕರು. "ಕಣ್ಣು ತೆರದ ಇದ್ದೂವಲ್ಲ."

"ಮತ್ತ ಅಲ್ಲಿ ಯಾಕ ಹೇಳಲಿಲ್ರಿ?"

"ಹೇಳಾಕ ಏನೈತಿ? ನನ್ನ ಹಿಡದಿದ್ರ ಇಬ್ಬರೂ ಹೋಗತಿದ್ವಿ." ಜಾರಿದ ಬ್ಯಾಂಡೇಜನ್ನು ಸರಿಮಾಡಿಕೊಂಡರು. "ನನಗ ಕೆಲಸ ಕಲಿಸಿದ ಉಸ್ತಾದ ಹಿಂಗ ಸಿಕ್ಕೊಂಡಾಗ ನಾನೂ ಓಡಿದ್ನಿರಿ. ಆ ಅಂಗಡ್ಯಾಗ ಮೇನ್ ಸ್ವಿಚ್ ಒಳಗ ಮೂಲ್ಯಾಗ ಇತ್ತು. ತಿರುಗಿ ಬರೂದರಾಗ ಮುಗದಿತ್ತು. ಅದಕ್ಕ ನನ್ನ ಅಂಗಡಿ ಹಾಕೂವಾಗ ಬಾಗಲ ಬಾಜೂಕ ಹಾಕಿಸಿದ್ನಿ. ಓಡೂ ಮನಶ್ಯಾಗ ದಾರ್ಯಾಗ ಸಿಗಲಿ ಅಂತ."

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಸಾದಾ ಜ್ವರ, ಮನೆಯ ಹಾಸಿಗೆ. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಓಡಿದ್ದನ್ನು ಅವರೆದುರು ಒಪ್ಪಿಕೊಂಡೆ; ಅದನ್ನು ಅವರು ನಗುತ್ತ ಮನ್ನಿಸಿದರು. ಸ್ವಿಚ್ಚು ಆನ್ ಇದ್ದದ್ದನ್ನು ಮೊದಲೇ ನೋಡಿಯೂ ಬಾಯಿ ಬಿಡಲಿಲ್ಲ ಎಂಬುದನ್ನು ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಅದಕ್ಕೂ ಅವರು ನಗುತ್ತಿದ್ದರೋ ಏನೋ. ಕೇಳಲು ಧೈರ್ಯ ಬರಲಿಲ್ಲ.

ಈಗ ಓಣಿಯಲ್ಲಿ ಕರೆಂಟು ಹೋದ ಕೂಡಲೇ ನಾನು ಮನೆಯಿಂದ ಹೊರಗೆ ಬಂದು ಒದರುತ್ತೇನೆ: "ಸ್ವಿಚ್ ಆರಿಸ್ರೋ! ಎಲ್ಲಾರೂ ಸ್ವಿಚ್ ಆರಿಸ್ರಿ!" ಮಾಸ್ತರಿಗೆ ತಲೆ ಕೆಟ್ಟಿದೆ ಎಂದು ಜನ ನಗುತ್ತಾರೆ. ನಗಲಿ. ನಾನು ಎರಡನೆಯ ಸಲವೂ ಒದರುತ್ತೇನೆ.