ಎಡೆಗೆ ಇಟ್ಟ ಬೀಡಿ

ಗೆಳೆಯರೇ, ಇವತ್ತು ತಾಳಮಲೆಯಲ್ಲಿ ನಮ್ಮ ಮಾದನ ಹನ್ನೊಂದನೇ ದಿನದ ಎಡೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಇಡುವುದು ನಮ್ಮ ಪದ್ಧತಿ. ಮುದ್ದೆ, ಅವರೆಕಾಳಿನ ಸಾರು, ಒಂದು ಲೋಟ ಕಾಫಿ ಬಂತು. ಕೊನೆಗೆ ಅವನ ಅಣ್ಣ ಒಂದು ಕಟ್ಟು ಬೀಡಿಯನ್ನೂ ಬೆಂಕಿಪೊಟ್ಟಣವನ್ನೂ ಇಟ್ಟರು.

ಮಾದನ ಹೆಂಡತಿ ಸಿದ್ದಮ್ಮ ತಟ್ಟನೆ ಎದ್ದಳು. "ಅದ ಎತ್ಕಳಿ ಭಾವ. ಅವ್ರು ಬೀಡಿ ಬುಟ್ಟು ಎಂಟ್ ತಿಂಗ್ಳಾಗಿತ್ತು."

"ಮೂವತ್ ವರ್ಸ ಸೇದವ್ನೆ ಕಣವ್ವ. ಬೀಡಿ ಇಕ್ದೆ ಓದ್ರ ಅವ್ನ ಜೀವ ಒಪ್ಪದಾ?"

"ಮೊಮ್ಮಗ್ಳು ನಾತ ಅಂದ್ಲು ಅಂತ ಬುಟ್ಟಿದ್ರು. ಆ ಎಂಟ್ ತಿಂಗ್ಳ ಎಂಗ್ ಕಳುದ್ರು ಅಂತ ನಾ ಕಂಡಿವ್ನಿ!"

ಒಳಗೆ ಹೋಗಿ ಅವನ ಅಂಗಿಯನ್ನೇ ತಂದಳು. ಜೇಬಿನಲ್ಲಿ ಹುರಿದ ಹುರುಳಿಕಾಳು ಇತ್ತು. ಬೀಡಿಯ ಚಪಲ ಬಂದಾಗಲೆಲ್ಲ ಮಾದ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕೂಲಿಗೆ ಹೋದಲ್ಲೆಲ್ಲ ನಾನು, "ಏನ್ಲಾ, ಉಳ್ಳಿಕಾಳ್ ತಿಂದು ಎತ್ತಾಗ್ಬುಟ್ಟ್ಯಾ?" ಎಂದು ನಗುತ್ತಾ ಬೀಡಿ ಚಾಚುತ್ತಿದ್ದೆ. ಅವನು ಒಂದು ದಿನವೂ ತೆಗೆದುಕೊಳ್ಳಲಿಲ್ಲ. "ಬ್ಯಾಡ ಕಣ್ಲಾ" ಎಂದು ತಾನೂ ನಕ್ಕು ಕಾಳು ಅಗಿಯುತ್ತಿದ್ದ.

ಸಿದ್ದಮ್ಮ ಆ ಕಾಳನ್ನು ಎಲೆಯ ಮೇಲೆ ಸುರಿದಳು. ಬೀಡಿಕಟ್ಟನ್ನು ಅಂಗಳಕ್ಕೆ ಎಸೆದಳು.

ಆ ಕಟ್ಟನ್ನು ಬೆಳಿಗ್ಗೆ ಅಂಗಡಿಯಿಂದ ತಂದುಕೊಟ್ಟವನು ನಾನೇ. ದಿನವೂ ಬೇಡ ಅನ್ನುತ್ತಿದ್ದವನಿಗೆ, ಬೇಡ ಅನ್ನಲಾಗದ ದಿನ ನೋಡಿ ಕೊಟ್ಟೆ.