ಹುಂ ಅಂದ್ರಷ್ಟ ಮುಂದಿನ ಕಥಿ

ಸುಳ್ಳಂತೀರಿ? ಮೊಸಳಿ ಎಲ್ಲಿಯಾರ ಹುಂ ಅಂತೈತೇನು ಅಂತ ಕೇಳ್ತೀರಿ? ಅಂತೈತ್ರಿ! ಸಾಂಗಲಿ ಬಾಜೂಕಿನ ಡಿಗ್ರಜದ ನದಿ ದಂಡಿಮ್ಯಾಗ ನಮ್ಮ ಮನಿಯಾಕಿ ನೀಲಾಬಾಯಿ ಅರಬಿ ಒಗಕೋತ ಕಥಿ ಹೇಳಾಕತ್ತಿದ್ಲು. ಯಾರೂ ಹುಂ ಅನ್ನಲಿಲ್ಲಂತ ನಡುವ ತಡದ್ಲು. ನೀರಾಗಿಂದ ‘ಹುಂ’ ಅಂತ ಬಂತು. ನೋಡ್ತೇನಿ, ಬಸ್ಸಿನಷ್ಟ ಉದ್ದ ಮೊಸಳಿ! ಹೋಗ್ಲಿ ಬಿಡ್ರಿ, ಟೆಂಪೋದಷ್ಟ. ಅದಕ್ಕಿಂತ ಸಣ್ಣದ ಮಾಡಾಂಗಿಲ್ಲ.

ಮಾತೇನಂದ್ರ, ಹುಂ ಅನ್ನದವರಿಗೆ ನೀಲಾಬಾಯಿ ಕಥಿ ಹೇಳಾಂಗಿಲ್ಲ. ಅಥಣಿ ಕಡಿಂದ ಕೂಲಿಗೆ ಬಂದು ಸಾಂಗಲಿ ಅರಿಷಿಣ ಗೋದಾಮಿನ್ಯಾಗ ವಯಸ್ಸ ಕಳದಾಕಿ. ಹೆಣ್ಮಕ್ಕಳು ಸುತ್ತ ಕುಂತು ಕೊಂಬ ಆರಸೂವಾಗ ಕಥಿ ಇಕಿದು, ಹುಂ ಉಳದವರದು. ಬಾಜೂ ಕುಂತ ತಂಗೆವ್ವ ‘ಆ ಸೊಸಿನ್ನ ನದ್ಯಾಗ ಮುಳುಗಸಬ್ಯಾಡವ್ವಾ’ ಅಂತ ಕಣ್ಣೀರ ತಗದ್ರ, ಕಥ್ಯಾಗಿನ ಸೊಸಿ ತಟಕ್ನ ದೋಣಿ ಹತ್ತತಿದ್ಲು. ಕೆಲಸಾ ನಿಂತೈತಂತ ಬೈಯಾಕ ಬಂದ ಮುಕಾದಮನೂ ಹುಂ ಅನಕೋತ ನಿಂದರ್ತಿದ್ದ.

ಮುಂದ ಮಷೀನ ಬಂತು, ಹೆಣ್ಮಕ್ಕಳು ಚದುರಿದ್ರು. ಮಿರಜದ ಮನ್ಯಾಗ ಮೊಮ್ಮಕ್ಕಳ ಮಾರಿ ಫೋನಿನ್ಯಾಗ. ‘ಗ್ವಾಡಿಗೆ ಹೇಳಿದಂಗ ಆಕ್ಕೈತ್ರಿ’ ಅಂದು ಇಕಿ ಕಥಿ ಹೇಳೂದ ಬಿಟ್ಲು. ಮನಿ ಬಣಬಣ ಆತು. ನಾ ಹುಂ ಅಂದ್ರ ನಡಿಯಾಂಗಿಲ್ಲ, ನಂದು ನಿದ್ದಿಗಣ್ಣಿನ ಹುಂ ಅಂತ.

ಮೊಮ್ಮಗಳು ಮಯೂರಿ ಕಾಲೇಜಿನ್ಯಾಗ ಗೇಮ್ ಮಾಡೂದ ಕಲೀತಾಳ. ಒಂದಿನ ‘ಆಜಿ, ನಿನ್ನ ಗೋಷ್ಟ ಗೇಮಿನ್ಯಾಗ ಹಾಕ್ತೇನಿ, ಹೇಳ’ ಅಂತ ಫೋನ ಮುಂದಿಟ್ಲು. ಗೋಷ್ಟ ಅಂದ್ರ ಕಥಿ.

‘ಒಂದೂರಾಗ ಒಬ್ಬಾಕಿ ಸೊಸಿ ಇದ್ಲು’ ಅಂದ ನೀಲಾಬಾಯಿ ಫೋನ ನೋಡಿದ್ಲು. ಅದು ಗಪ್ಪ. ಇಕಿನೂ ಗಪ್ಪ.

‘ಮುಂದ ಹೇಳ ಆಜಿ!’

‘ಇದಕ್ಕ ಹುಂ ಅನ್ನಾಕ ಬರಾಂಗಿಲ್ಲೇನ? ಎಂಥಾ ಮನ್ಯಾಗ ಬೆಳದೈತಿದು?’

ಮಯೂರಿ ಹೊಟ್ಟಿ ಹಿಡಕೊಂಡ ನಕ್ಕಳು. ನಕ್ಕಾಕಿಗೆ ತಟ್ನ ಏನೋ ಹೊಳೀತು. ಅವತ್ತ ತಾನ ಹುಂ ಅನಕೋತ ಇಡೀ ಕಥಿ ಫೋನಿನ್ಯಾಗ ತುಂಬಕೊಂಡ್ಲು. ಆಮ್ಯಾಲ ಗೇಮ್ ಹೆಂಗ ಮಾಡ್ಯಾಳ ಅಂದ್ರ, ಆಡಾಂವ ಫೋನಿಗೆ ಹುಂ ಅನ್ನಬೇಕು. ಅನ್ನಲಿಲ್ಲೋ, ಸೊಸಿ ಎತ್ತಿದ ಕಾಲ ಇಳಸಾಂಗಿಲ್ಲ. ನೀಲಾಬಾಯಿ ದನಿ ಬೈತೈತಿ: ‘ಮಲಗಿದ್ಯೇನೋ ಮಂಗ್ಯಾ?’ ನದಿ ಬಂದಲ್ಲೆ ಕೇಳತೈತಿ, ದೋಣಿ ಹತ್ತಸಲೋ, ನೀರಿಗೆ ಹಾಕಲೋ? ಎರಡೂ ಕಥಿ ಇಕಿ ಹತ್ರ ತಯಾರ ಇದ್ವು, ತಂಗೆವ್ವನ ಪುಣ್ಯಾ.

ಈಗ ನಮ್ಮ ಗಲ್ಲಿ ಕೇಳ್ರಿ, ಮನಿಮನ್ಯಾಗ ಹುಂ, ಹುಂ! ಎಲ್ಲಾ ಮರಾಠಿ ಮಾತಾಡೂ ಹುಡುಗ್ರು, ಕನ್ನಡಾ ಕೇಳಿದ್ರ ತಿಳೀತೈತಿ. ನಿನ್ನಿ ಸಂಜಿಮುಂದ ಪಡಸಾಲಿಗೇ ಬಂದ ಕುಂತ್ವು. ಗೇಮಿನ ಎರಡೂ ಕಥಿ ಮುಗದಾವಂತ. ‘ಆಜಿ, ಸೊಸಿ ಮಗರಿ ಮ್ಯಾಲ ಕುಂತ ಹೋದ್ರ?’ ಮಗರಿ ಅಂದ್ರ ಮೊಸಳಿನ.

ನೀಲಾಬಾಯಿ ಸೆರಗ ಸರಿ ಮಾಡಿಕೊಂಡ್ಲು. ‘ಹುಂ ಅಂತೀರೇನ?’

‘ಹುಂ!’

ಕತ್ತಲಾದ್ರೂ ಒಬ್ಬನೂ ಏಳಲಿಲ್ಲ. ಇಕಿ ಮಾರಿ ನೋಡಬೇಕಿತ್ತು ನೀವು. ಮತ್ತ ಆ ಮೊಸಳಿ ಯಾವುದಂತೀರಿ? ನಂದ, ಡಿಗ್ರಜದ್ದು! ಈಗರೆ ನಂಬತೀರೋ ಇಲ್ಲೋ? ಅದರ ಬಾಲಾ ಹೇಳಬೇಕಂದ್ರ...

‘ಏನ್ರಿ! ರೊಟ್ಟಿ ಆರಾಕತ್ತಾವ, ಬರ್ತೀರೋ ಇಲ್ಲೋ?’

ಹುಂ! ಬಂದ್ನಿ, ಬಂದ್ನಿ!